ಎಸ್‌ಡಬ್ಲ್ಯೂ 7029 ನಮ್ಮೂರ ಬ್ರಾಂಡ್‌ನಲ್ಲಿ: ಒಂದು ಡಬ್ಬಿ ಗುಲಾಬಿ ಹೊಡೀತಿದೆ, ಇನ್ನೊಂದು ಹಸಿರು

ಕುವೆಂಪುನಗರ_ಫ್ಲಾಟ್

ಹಾಲ್‌ಗೂ ಪ್ಯಾಸೇಜ್‌ಗೂ ನಮ್ಮ ಇಂಟೀರಿಯರ್‌ನವರು ಶೆರ್ವಿನ್ ವಿಲಿಯಮ್ಸ್‌ನ ಅಗ್ರೀಯಬಲ್ ಗ್ರೇ ಬರೆದುಕೊಟ್ಟಿದ್ದಾರೆ, ಕೋಡ್ ಎಸ್‌ಡಬ್ಲ್ಯೂ 7029. ಪಿಂಟರೆಸ್ಟ್ ತೆರೆದರೆ ಎಲ್ಲೆಲ್ಲೂ ಕಾಣೋ ಅದೇ ಗ್ರೇಜ್, ಅಂದ್ರೆ ಬೂದಿಗೂ ಬೀಜ್‌ಗೂ ನಡುವಿನ ಬಣ್ಣ. ಮೈಸೂರಲ್ಲಿ ನಾನು ಕೇಳಿದ ಅಂಗಡಿಗಳಲ್ಲಿ ಆ ಕಂಪನಿ ಪೇಂಟ್ ಇಲ್ಲ. ಹಾಗಾಗಿ ಎರಡು ಬೇರೆ ಕಂಪನಿಯ ಡೀಲರ್‌ಗಳ ಹತ್ತಿರ ಒಂದೊಂದು ಲೀಟರ್ ಲಕ್ಷುರಿ ಎಮಲ್ಷನ್ ಮಾಡಿಸಿದೆ. ಕಂಪನಿ ಹೆಸರು ಬೇಡ, ಡಬ್ಬಿ 1, ಡಬ್ಬಿ 2 ಅಂತಿಟ್ಟುಕೊಳ್ಳಿ.

ಡಬ್ಬಿ 1ರ ಡೀಲರ್ ಇಂಟರ್ನೆಟ್‌ನಲ್ಲಿ ಸಿಕ್ಕ ಆರ್‌ಜಿಬಿ (ಸ್ಕ್ರೀನ್ ಬಣ್ಣದ ಕೆಂಪು-ಹಸಿರು-ನೀಲಿ ಅಂಕಿ) ನೋಡಿ ತಮ್ಮ ಫ್ಯಾನ್‌ಡೆಕ್‌ನಲ್ಲಿ (ಬೀಸಣಿಗೆ ಥರ ಬಿಚ್ಚೋ ಶೇಡ್ ಪುಸ್ತಕ) ಹತ್ತಿರದ ಶೇಡ್ ಆರಿಸಿಕೊಟ್ಟರು. ಡಬ್ಬಿ 2ರವರು ಸಾಫ್ಟ್‌ವೇರ್‌ನಲ್ಲಿ ಕೋಡ್ ಹಾಕಿ ಫಾರ್ಮುಲಾ ತೆಗೆದರು. ಹಾಲ್‌ನ ಹಳೇ ಕ್ರೀಮ್ ಗೋಡೆ ಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿ ಹೊಡೆದಿದ್ದೀವಿ. ಮೊದಲನೆಯದು ಗುಲಾಬಿ, ಎರಡನೆಯದು ಹಸಿರು ಕಾಣ್ತಿದೆ. ರಾತ್ರಿ ಲೈಟ್ ಹಾಕಿದರೆ ಹಸಿರು ಇನ್ನೂ ಜಾಸ್ತಿ.

ನನ್ನ ಪ್ರಶ್ನೆ ಮೂರು. ಬೇರೆ ಕಂಪನಿಯಲ್ಲಿ ಇದೇ ಬಣ್ಣ ಬರೋದು ಸಾಧ್ಯವಾ? ಇರೋ ಡಬ್ಬಿಗಳಲ್ಲಿ ಯಾವುದನ್ನು ಸರಿಪಡಿಸಬಹುದು? ಹಾಲ್ 16×12, ಎತ್ತರ 10 ಅಡಿ, ಪ್ಯಾಸೇಜ್ ಗೋಡೆ ಸುಮಾರು 120 ಚದರ ಅಡಿ. ಎಷ್ಟು ತರಬೇಕು?

---

ಟಿಂಟಿಂಗ್_ಕೌಂಟರ್

ಎಸ್‌ಡಬ್ಲ್ಯೂ 7029 ಅನ್ನೋ ನಂಬರ್ ಆ ಕಂಪನಿಯ ಪುಸ್ತಕದಾಚೆ ನಡೆಯಲ್ಲ ಮೇಡಂ. ಅವರ ಬೇಸ್‌ಗೆ (ಬಣ್ಣ ಬೀಳೋ ಮುಂಚಿನ ಬಿಳಿ ಪೇಂಟ್) ಅವರ ಕಲರೆಂಟ್ (ಮಷಿನ್ ಬಿಡೋ ಗಟ್ಟಿ ಬಣ್ಣ) ಇಷ್ಟಿಷ್ಟು ಅನ್ನೋ ಲೆಕ್ಕ ಅದು. ಬೇಸ್‌ನ ಬಿಳಿಯೇ ಕಂಪನಿಗೊಂದು ಥರ: ಕೆಲವು ನೀಲಿಗೆ ವಾಲುತ್ತವೆ, ಕೆಲವು ಹಳದಿಗೆ. ಒಂದೇ ಕಂಪನಿಯಲ್ಲೂ ಲಕ್ಷುರಿಯ ಫಾರ್ಮುಲಾ ತಂದು ಎಕಾನಮಿ ಎಮಲ್ಷನ್‌ಗೆ ಹಾಕಿದರೆ ಬಣ್ಣ ಬೇರೆ ಬರುತ್ತೆ, ಯಾಕಂದ್ರೆ ಅದರಲ್ಲಿ ಬಿಳಿ ಕೊಡೋ ಟೈಟೇನಿಯಂ ಡೈಆಕ್ಸೈಡ್ ಕಡಿಮೆ, ಸುಣ್ಣದ ಪುಡಿಯಂಥ ಫಿಲ್ಲರ್ ಜಾಸ್ತಿ. ಕಡು ನೀಲಿಯಲ್ಲೋ ಮೆರೂನ್‌ನಲ್ಲೋ ಈ ವ್ಯತ್ಯಾಸ ಮುಚ್ಚಿಹೋಗುತ್ತೆ. ಗ್ರೇಜ್‌ನಲ್ಲಿ ಬೇಸೇ ಮುಕ್ಕಾಲು ಬಣ್ಣ, ಹಾಗಾಗಿ ಎದ್ದು ಕಾಣುತ್ತೆ.

ಆರ್‌ಜಿಬಿ ನೋಡಿ ಫ್ಯಾನ್‌ಡೆಕ್‌ನಲ್ಲಿ ಆರಿಸೋದು ಅಂದಾಜಿನ ಕೆಲಸ. ಆ ಫ್ಯಾನ್‌ಡೆಕ್‌ನಲ್ಲಿ ನಿಮ್ಮ ಶೇಡ್ ಇಲ್ಲವೇ ಇಲ್ಲದಿದ್ದರೂ ಯಾವುದೋ ಒಂದು ‘ಹತ್ತಿರದ್ದು’ ಇದ್ದೇ ಇರುತ್ತೆ. ಸಾಫ್ಟ್‌ವೇರ್‌ನಿಂದ ತೆಗೆದದ್ದು ಅದಕ್ಕಿಂತ ವಾಸಿ, ಆದರೆ ಅದು ಯಾವ ಪ್ರಾಡಕ್ಟ್‌ಗೆ, ಯಾವ ಬೇಸ್‌ಗೆ ಬರೆದ ಫಾರ್ಮುಲಾ ಅಂತ ಸ್ಕ್ರೀನ್ ಮೇಲೆ ನೋಡಲೇಬೇಕು. ನೀವು ಕೇಳಬೇಕಾದ್ದು ಮೂರನೇ ದಾರಿ: ಶೆರ್ವಿನ್ ವಿಲಿಯಮ್ಸ್‌ನ ನಿಜವಾದ ಚಿಪ್ (ಆ ಶೇಡ್‌ನ ಸ್ಯಾಂಪಲ್ ಕಾರ್ಡ್) ತಂದು ಬಣ್ಣ ಅಳೆಯೋ ಸ್ಪೆಕ್ಟ್ರೋ ಮಷಿನ್‌ನಲ್ಲಿ ಓದಿಸಿ, ಆ ಓದಿಗೆ ಹೊಸ ಫಾರ್ಮುಲಾ ಮಾಡಿಸೋದು. ನಿಮ್ಮ ಇಂಟೀರಿಯರ್‌ನವರ ಹತ್ತಿರ ಚಿಪ್ ಇರಬಹುದು, ಕೇಳಿ. ಪ್ರಿಂಟರ್‌ನಲ್ಲಿ ತೆಗೆದ ಕಲರ್ ಪ್ರಿಂಟ್ ಮಾತ್ರ ಬೇಡವೇ ಬೇಡ.

ಚಿಪ್ ಒಂದು ಇಂಚಿಗಿಂತ ದೊಡ್ಡದಿರಲಿ, ಮಡಿಕೆ, ಬೆರಳಚ್ಚು ಇರಬಾರದು. ನಾಲ್ಕೈದು ಕಡೆ ಓದಿಸಿ ಸರಾಸರಿ ತೆಗೆಸಿ. ಓದೋ ಮುಂಚೆ ಮಷಿನ್‌ನ ಬಿಳಿ ಟೈಲ್ ಇಟ್ಟು ಕ್ಯಾಲಿಬ್ರೇಟ್ ಮಾಡ್ತಾರಾ ಗಮನಿಸಿ. ಎಷ್ಟೋ ಕಡೆ ಆ ಟೈಲ್ ಮೇಲೇ ಧೂಳು ಕೂತಿರುತ್ತೆ.

ಈಗ 1 ಲೀಟರ್ ವಿಷಯ. ಇಂಥ ಶೇಡ್‌ಗೆ ಸಾಮಾನ್ಯವಾಗಿ ಕಪ್ಪು, ಹಳದಿ ಆಕ್ಸೈಡ್, ಜೊತೆಗೆ ಚೂರೇ ಚೂರು ಕೆಂಪು ಆಕ್ಸೈಡ್ ಬೀಳುತ್ತೆ. ಲೆಕ್ಕಕ್ಕೆ ಅಂತ ಹೇಳ್ತೀನಿ: ಒಂದು ಲೀಟರ್‌ಗೆ ಕಪ್ಪು 2 ಮಿಲಿ, ಹಳದಿ 2.8, ಕೆಂಪು 0.3 ಅಂತಿಟ್ಟುಕೊಳ್ಳಿ. ಒಂದು ಹನಿ ಅಂದ್ರೆ ಸುಮಾರು 0.05 ಮಿಲಿ. ನಾಜಲ್ ತುದಿಯಲ್ಲಿ ನೇತಾಡ್ತಾ ಉಳಿದ ಒಂದೇ ಹನಿ ಕೆಂಪಿನಲ್ಲಿ ಆರನೇ ಒಂದು ಭಾಗ! ಅದೇ 10 ಲೀಟರ್ ಡಬ್ಬಿಗೆ ಕೆಂಪು 3 ಮಿಲಿ, ಅಲ್ಲಿ ಒಂದು ಹನಿ ಹೆಚ್ಚುಕಡಿಮೆ ಆದರೆ ಯಾರಿಗೂ ಗೊತ್ತಾಗಲ್ಲ. ಇನ್ನೊಂದು: ಚಿಕ್ಕ ಡಬ್ಬಿಯ ಲೆಕ್ಕದಲ್ಲಿ ಮಷಿನ್ ಬಿಡಬಹುದಾದ ಕನಿಷ್ಠ ಪ್ರಮಾಣಕ್ಕಿಂತ ಕೆಳಗಿಳಿದ ಕಲರೆಂಟ್ ಪೂರ್ತಿ ಕೈಬಿಟ್ಟು ಹೋಗೋದೂ ಉಂಟು. ಎರಡೂ ಡಬ್ಬಿ ಮೇಲಿನ ಸ್ಟಿಕರ್‌ನಲ್ಲಿ ಯಾವ್ಯಾವ ಕಲರೆಂಟ್ ಬಿದ್ದಿದೆ ಅಂತ ಇದ್ದರೆ ಇಲ್ಲಿ ಹಾಕಿ. ಸ್ಟಿಕರ್‌ನಲ್ಲಿ ಇಲ್ಲದಿದ್ದರೆ ಬಿಲ್ ನಂಬರ್ ಹೇಳಿ ಡೀಲರ್ ಹತ್ತಿರ ಕೇಳಿ, ಮಷಿನ್‌ನಲ್ಲಿ ದಾಖಲೆ ಇರುತ್ತೆ.

---

9_ಇಂಚು_ರೋಲರ್

ಮಷಿನ್ ಕಥಿ ಅವರು ಹೇಳ್ಯಾರ, ನಾ ಗ್ವಾಡಿ ಕಥಿ ಹೇಳ್ತೀನ್ರಿ. ಹಳೇ ಕ್ರೀಮ್ ಗ್ವಾಡಿ ಮ್ಯಾಲ ಸ್ಯಾಂಪಲ್ ಹಚ್ಚಿದ್ದ ಮೊದಲ ತಪ್ಪು. ಸುತ್ತ ಹಳದಿ ಇದ್ದಾಗ ನಡುವಿನ ಬೂದಿ ಬಣ್ಣ ತನ್ನಷ್ಟಕ್ಕ ತಾನ ಬ್ಯಾರೆ ಕಾಣತೈತಿ. ಅದರಾಗ ಎರಡೂ ಬಣ್ಣ ಮಗ್ಗಲ್‌ಮಗ್ಗಲಕ್ಕ ಹಚ್ಚೀರಿ. ಒಂದರ ಕೆಂಪು ಇನ್ನೊಂದರ ಹಸಿರನ್ನ ಎತ್ತಿ ತೋರಸತೈತಿ. ಎರಡನ್ನೂ ಬ್ಯಾರೆ ಬ್ಯಾರೆ ಮಾಡಿ ನೋಡ್ರಿ, ಅರ್ಧ ತಕರಾರು ಅಲ್ಲೇ ಮುಗೀತೈತಿ.

ಎರಡು ಅಡಿ ಚೌಕದ ಹಾರ್ಡ್‌ಬೋರ್ಡ್ ಇಲ್ಲಾ ದಪ್ಪ ಡ್ರಾಯಿಂಗ್ ಶೀಟ್ ತಗೋರಿ. ಒಂದು ಕೋಟ್ ಬಿಳಿ ಪ್ರೈಮರ್, ಒಣಗಿದ ಮ್ಯಾಲ ಎರಡು ಕೋಟ್ ಬಣ್ಣ, ನಡುವ ನಾಲ್ಕು ತಾಸು ಬಿಡ್ರಿ. ಅಂಚಿನತನಕ ಹಚ್ಚಬೇಕು, ಬಿಳಿ ಬಾರ್ಡರ್ ಉಳಿದ್ರ ಬಣ್ಣ ಇದ್ದದ್ದಕ್ಕಿಂತ ಕಪ್ಪಗ ಕಾಣತೈತಿ. ಮನಿಗೆ ರೋಲರ್ ಹೊಡಿಯೋದಿದ್ರ ಸ್ಯಾಂಪಲ್‌ಗೂ ರೋಲರ್ ಹೊಡೀರಿ, ಬ್ರಷ್ ಬ್ಯಾಡ. ಬ್ರಷ್ ಗೆರಿ ಬೆಳಕು ಹಿಡಿಯೋ ರೀತಿನ ಬ್ಯಾರೆ. ಎಮಲ್ಷನ್ ಹಸೀದಿದ್ದಾಗ ಹಾಲು ಹಾಕಿದಂಗ ತೆಳು ಕಾಣತೈತಿ, ಒಣಗಿದ ಮ್ಯಾಲ ಒಂದು ಮಟ್ಟ ಕಡು ಆಗತೈತಿ. ಹಂಗಾಗಿ ಒಂದು ದಿನ ಬಿಟ್ಟು ನೋಡ್ರಿ. ಬೋರ್ಡ್ ಟೇಬಲ್ ಮ್ಯಾಲ ಮಲಗಿಸಿ ನೋಡಬ್ಯಾಡ್ರಿ, ಗ್ವಾಡಿಗೆ ಆನಿಸಿ ನಿಲ್ಲಿಸ್ರಿ. ಕಿಡಕಿ ಇರೋ ಗ್ವಾಡಿ, ಅದರ ಎದರಿನ ಗ್ವಾಡಿ, ಎರಡೂ ಕಡೆ.

ಇನ್ನ ಶೀನ್, ಅಂದ್ರ ಹೊಳಪು. ಶೀನ್ ಇರೋ ಬಣ್ಣ, ಮ್ಯಾಟ್ ಬಣ್ಣ ಎರಡಕ್ಕೂ ಮಷಿನ್ ಒಂದ ನಂಬರ್ ಕೊಟ್ಟರೂ ಗ್ವಾಡಿ ಮ್ಯಾಲ ಒಂದ ಕಾಣಂಗಿಲ್ಲ. ಮ್ಯಾಚ್ ಮಾಡಸೋ ಮುಂಚೆ ಎರಡೂ ಕಂಪನಿ ಡಬ್ಬಿ ಮ್ಯಾಲ ಮ್ಯಾಟ್ ಐತೋ, ಸಾಫ್ಟ್ ಶೀನ್ ಐತೋ ಓದ್ರಿ.

ನೀರಿನ ಮಾತು ಹೇಳದ ಬಿಟ್ರ ಆಗಂಗಿಲ್ಲ. ಡಬ್ಬಿ ಮ್ಯಾಲ ಎಷ್ಟು ನೀರು ಅಂತ ಬರದಿರತಾರ, ನಮ್ಮ ಹುಡುಗೂರು ಕಣ್ಣಂದಾಜಿಗೆ ಸುರೀತಾರ. ಹೆಚ್ಚು ನೀರು ಬಿದ್ರ ಮುಚ್ಚಿಗಿ ಕಡಿಮಿ ಆಗಿ ಕೆಳಗಿನ ಬಣ್ಣ ಇಣಕತೈತಿ. ನಿಮ್ಮಲ್ಲಿ ಕೆಳಗ ಕ್ರೀಮ್ ಐತಿ, ಅಂದ್ರ ಮ್ಯಾಲಿನ ಗ್ರೇ ಹಳದಿ ಹೊಡೀತೈತಿ, ಬೈಗುಳ ಮಾತ್ರ ಮ್ಯಾಚಿಂಗ್ ಮಾಡಿದವನಿಗೆ. ಅಳತಿ ಮಗ್ ಇಟ್ಟು ಹಾಕಸ್ರಿ, ಮೊದಲ ಬಕೆಟ್‌ಗೆ ಎಷ್ಟೋ ಕಡೀ ಬಕೆಟ್‌ಗೂ ಅಷ್ಟ.

ಲೆಕ್ಕ: ಹಾಲ್ ಗ್ವಾಡಿ 560 ಚದರ ಅಡಿ, ಬಾಗಲಾ ಕಿಡಕಿ 100 ಕಳೀರಿ, 460. ಪ್ಯಾಸೇಜ್ 120 ಕೂಡಿಸಿದ್ರ 580. ನುಣ್ಣಗ ಪುಟ್ಟಿ ಆಗಿ ಪ್ರೈಮರ್ ಹೊಡೆದ ಗ್ವಾಡಿಗೆ ಎರಡು ಕೋಟ್ ಸೇರಿ ಲೀಟರ್‌ಗೆ 110 ಅಡಿ ಹಿಡೀರಿ. ಐದೂಕಾಲು ಲೀಟರ್ ಬೇಕು, ಟಚ್‌ಅಪ್‌ಗೆ ಒಂದು ಲೀಟರ್ ಕೂಡಿಸಿದ್ರ ಆರು ದಾಟತೈತಿ. 4 ಲೀಟರಿನ ಎರಡು ಡಬ್ಬಿ ಒಮ್ಮೆಲೆ, ಒಂದ ಬ್ಯಾಚ್ ನಂಬರಿನವು ತರ್ರಿ. ಎರಡನ್ನೂ ದೊಡ್ಡ ಬಕೆಟ್‌ಗೆ ಸುರುವಿ ಕೂಡಿಸಿ, ಆಮ್ಯಾಲ ತಿರಗಿ ಡಬ್ಬಿಗೆ ತುಂಬ್ರಿ. ಇದೊಂದು ಕೆಲಸ ಬಿಟ್ಟು, ಗ್ವಾಡಿ ನಡುಮಧ್ಯ ಡಬ್ಬಿ ಬದಲಾದ ಜಾಗ ಕಂಡ್ರ ದೇವರೂ ಸರಿಮಾಡಾಂಗಿಲ್ಲ.

---

ಕುವೆಂಪುನಗರ_ಫ್ಲಾಟ್

ಇಬ್ಬರಿಗೂ ಥ್ಯಾಂಕ್ಸ್. ಇಂಟೀರಿಯರ್‌ನವರ ಹತ್ತಿರ ಒರಿಜಿನಲ್ ಚಿಪ್ ಇತ್ತು. ಬೋರ್ಡ್‌ಗಳನ್ನೂ ಹೇಳಿದ ಹಾಗೆ ಮಾಡಿಸಿ, ಚಿಪ್ ಜೊತೆ ಡಬ್ಬಿ 2ರ ಡೀಲರ್ ಹತ್ತಿರವೇ ಓದಿಸಿದೆ. ಡೇಲೈಟ್ ಸೆಟ್ಟಿಂಗ್, ಡಿ65 ಅಂತ ಇತ್ತು. ಎಲ್ ಹೆಚ್ಚಾದರೆ ಬೆಳ್ಳಗೆ, ಎ ಹೆಚ್ಚಾದರೆ ಕೆಂಪಿಗೆ, ಕಡಿಮೆಯಾದರೆ ಹಸಿರಿಗೆ, ಬಿ ಹೆಚ್ಚಾದರೆ ಹಳದಿಗೆ ಅಂತ ಲೆಕ್ಕ.

ಚಿಪ್: ಎಲ್ 81.8, ಎ 0.5, ಬಿ 5.6
ಡಬ್ಬಿ 1: ಎಲ್ 81.2, ಎ 1.6, ಬಿ 6.3
ಡಬ್ಬಿ 2: ಎಲ್ 82.3, ಎ ಮೈನಸ್ 0.6, ಬಿ 6.4

ಡಬ್ಬಿ 1ರಲ್ಲಿ ಕಪ್ಪು, ಹಳದಿ ಆಕ್ಸೈಡ್, ಕೆಂಪು ಆಕ್ಸೈಡ್ ಬಿದ್ದಿದೆ. ಡಬ್ಬಿ 2ರಲ್ಲಿ ಕಪ್ಪು ಮತ್ತು ಹಳದಿ ಆಕ್ಸೈಡ್ ಎರಡೇ. ಡೆಲ್ಟಾ ಇ, ಅಂದ್ರೆ ಚಿಪ್‌ನಿಂದ ಒಟ್ಟು ಬಣ್ಣದ ಅಂತರ, ಎರಡಕ್ಕೂ 1.4 ಬರುತ್ತೆ, ‘ಎರಡೂ ಪಾಸ್ ಮೇಡಂ, ಯಾವುದು ಬೇಕಾದ್ರೂ ಹೊಡೀರಿ’ ಅಂದರು. ಕಣ್ಣಿಗೆ ಮಾತ್ರ ಎರಡೂ ಪಾಸ್ ಅನ್ನಿಸ್ತಿಲ್ಲ.

---

ಬೈಂಡರ್_ಮತ್ತು_ಪಿಗ್ಮೆಂಟ್

ನಿಮ್ಮ ಕಣ್ಣು ಸರಿಯಾಗಿದೆ. ಡೆಲ್ಟಾ ಇ ಎಷ್ಟು ದೂರ ಅಂತ ಹೇಳುತ್ತದೆ, ಯಾವ ದಿಕ್ಕಿಗೆ ಅಂತ ಹೇಳುವುದಿಲ್ಲ. ಚಿಪ್‌ನಿಂದ ಡಬ್ಬಿ 1 ಕೆಂಪಿನ ಕಡೆಗೆ 1.1 ಹೋಗಿದೆ, ಡಬ್ಬಿ 2 ಹಸಿರಿನ ಕಡೆಗೆ ಅಷ್ಟೇ 1.1 ಹೋಗಿದೆ. ಚಿಪ್‌ಗೆ ಹೋಲಿಸಿದರೆ ಎರಡಕ್ಕೂ 1.4. ಅವೆರಡರ ನಡುವಿನ ಅಂತರ ಲೆಕ್ಕ ಹಾಕಿ, ಸುಮಾರು 2.5 ಬರುತ್ತದೆ. ಗೋಡೆ ಮೇಲೆ ಪಕ್ಕಪಕ್ಕದಲ್ಲಿ ನೀವು ನೋಡಿದ್ದು ಆ 2.5.

ಎರಡನೆಯದು, ಆ 1.4 ಹಳೆಯ 1976ರ ಸೂತ್ರದ ಲೆಕ್ಕ. ಬೂದು ಬಣ್ಣದ ಹತ್ತಿರ ನಮ್ಮ ಕಣ್ಣು ಕೆಂಪು–ಹಸಿರು ವ್ಯತ್ಯಾಸವನ್ನು ಬಹಳ ಬೇಗ ಹಿಡಿಯುತ್ತದೆ, ಬೆಳಕು–ಕಪ್ಪಿನ ವ್ಯತ್ಯಾಸವನ್ನು ಅಷ್ಟಾಗಿ ಹಿಡಿಯುವುದಿಲ್ಲ. ಆಮೇಲೆ ಬಂದ ಸಿಐಇಡಿಇ2000 ಸೂತ್ರದಲ್ಲಿ ಇದಕ್ಕೆಂದೇ ತಿದ್ದುಪಡಿ ಇದೆ: ನ್ಯೂಟ್ರಲ್ ಬಣ್ಣಗಳಲ್ಲಿ ಎ ಅಕ್ಷವನ್ನು ಹೆಚ್ಚುಕಡಿಮೆ ಒಂದೂವರೆ ಪಟ್ಟು ಹಿಗ್ಗಿಸುತ್ತಾರೆ. ಅದರ ಪ್ರಕಾರ ನಿಮ್ಮ ಎರಡು ಡಬ್ಬಿಯೂ 1.7ರ ಆಸುಪಾಸಿಗೆ ಹೋಗುತ್ತವೆ. ಡೀಲರ್‌ಗೆ ‘ಪಾಸಾ ಫೇಲಾ’ ಅಂತ ಕೇಳುವ ಬದಲು ಮೂರು ಅಂಕಿ ಬೇರೆ ಬೇರೆ ಕೇಳಿ. ಗ್ರೇಜ್‌ಗೆ ಎ ವ್ಯತ್ಯಾಸ 0.3ರೊಳಗೆ, ಬಿ ಮತ್ತು ಎಲ್ 0.5ರೊಳಗೆ ಬಂದರೆ ಒಪ್ಪಿಕೊಳ್ಳಬಹುದು.

ಅಂದಹಾಗೆ, 7029ಕ್ಕೆ ಕಂಪನಿ ಕೊಡುವ ಆರ್‌ಜಿಬಿ 209, 203, 193. ಅದನ್ನು ಈ ಎಲ್-ಎ-ಬಿ ಅಂಕಿಗೆ ತಿರುಗಿಸಿದರೆ ಎಲ್ 82, ಎ 0.4, ಬಿ 5.7 ಹತ್ತಿರ ಬರುತ್ತದೆ, ಎಲ್‌ಆರ್‌ವಿ (ಬಣ್ಣ ವಾಪಸ್ ಎಸೆಯುವ ಬೆಳಕಿನ ಶೇಕಡಾವಾರು) ಅವರು ಹೇಳುವ 60ಕ್ಕೂ ತಾಳೆಯಾಗುತ್ತದೆ. ಅಂದರೆ ನಿಮ್ಮ ಚಿಪ್ ಹಳದಿಗಟ್ಟಿಲ್ಲ, ಡೀಲರ್‌ನ ಮಷಿನ್ ಕೂಡ ನೆಟ್ಟಗಿದೆ. ಡಬ್ಬಿ 1ರಲ್ಲಿ ಎಡವಟ್ಟಾದದ್ದು ಆರ್‌ಜಿಬಿಯಿಂದಲ್ಲ, ಅದನ್ನು ಮೊಬೈಲ್ ಸ್ಕ್ರೀನ್ ಮೇಲೆ ನೋಡಿ ಕಣ್ಣಳತೆಯಲ್ಲಿ ಫ್ಯಾನ್‌ಡೆಕ್ ಪಕ್ಕ ಹಿಡಿದದ್ದರಿಂದ.

ಈಗ ಡಬ್ಬಿ 2. ಕಪ್ಪಿಗೆ ಹಳದಿ ಸೇರಿದರೆ ಆಲಿವ್ ಹಸಿರು ಬರುತ್ತದೆ, ಅದನ್ನು ತಡೆಯುವುದೇ ಕೆಂಪು ಆಕ್ಸೈಡ್‌ನ ಕೆಲಸ. ನಿಮ್ಮ ಸ್ಟಿಕರ್‌ನಲ್ಲಿ ಕೆಂಪೇ ಇಲ್ಲ. ಟಿಂಟಿಂಗ್_ಕೌಂಟರ್ ಹೇಳಿದ ಕನಿಷ್ಠ ಪ್ರಮಾಣದ ವಿಷಯವೇ ಇಲ್ಲಿ ಆಗಿರುವ ಸಾಧ್ಯತೆ ದೊಡ್ಡದು. ಅದೇ ಫಾರ್ಮುಲಾವನ್ನು 10 ಲೀಟರ್‌ಗೆ ಹಾಕಿ ಸ್ಕ್ರೀನ್ ತೋರಿಸಿ ಅನ್ನಿ. ಕೆಂಪು ಕಾಣಿಸಿಕೊಂಡರೆ ಕಾರಣ ಸಿಕ್ಕಿದಂತೆ.

ಸರಿಪಡಿಸಲು ಡಬ್ಬಿ 2ನ್ನೇ ಹಿಡಿಯಿರಿ. ಬಣ್ಣಕ್ಕೆ ಸೇರಿಸಬಹುದೇ ಹೊರತು ತೆಗೆಯಲಾಗುವುದಿಲ್ಲ. ಡಬ್ಬಿ 1ರ ಕೆಂಪನ್ನು ಅಡಗಿಸಲು ಹಸಿರು ಹಾಕಬೇಕು, ಅದು ಆಗಲೇ ಚಿಪ್‌ಗಿಂತ 0.6 ಕಪ್ಪಗಿದೆ, ಹಸಿರು ಬಿದ್ದರೆ ಇನ್ನೂ ಕೆಳಗಿಳಿದು ಕೊಳಕಾಗುತ್ತದೆ. ಡಬ್ಬಿ 2 ಚಿಪ್‌ಗಿಂತ 0.5 ಬೆಳ್ಳಗಿದೆ. ಕೆಂಪು ಆಕ್ಸೈಡ್ ಹಾಕಿದರೆ ಎ ಮೇಲೇರುತ್ತದೆ, ಎಲ್ ಇಳಿಯುತ್ತದೆ, ಎರಡೂ ನಮಗೆ ಬೇಕಾದ ದಿಕ್ಕೇ. ಬಿ ಮಾತ್ರ ಸ್ವಲ್ಪ ಹೆಚ್ಚಾಗುತ್ತದೆ, ಅದು ಆಗಲೇ 0.8 ಹೆಚ್ಚಿದೆ. ಹಾಗಾಗಿ ಹೊಸ ಡಬ್ಬಿ ಮಾಡಿಸುವಾಗ ಹಳದಿ ಆಕ್ಸೈಡನ್ನು ಶೇಕಡಾ 10ರಿಂದ 15 ಇಳಿಸಿ, ಕೆಂಪನ್ನು ಸೇರಿಸಬೇಕು. ಸಾಫ್ಟ್‌ವೇರ್‌ನಲ್ಲಿ ಕರೆಕ್ಷನ್ ಆಯ್ಕೆ ಇದ್ದರೆ ಬೋರ್ಡ್‌ನ ಓದನ್ನೇ ಕೊಟ್ಟರಾಯಿತು, ಅದು ಲೆಕ್ಕ ಮಾಡಿಕೊಳ್ಳುತ್ತದೆ.

8 ಲೀಟರ್‌ಗೆ ದುಡ್ಡು ಹಾಕುವ ಮೊದಲು ಉಳಿದಿರುವ ಸ್ಯಾಂಪಲ್‌ನಲ್ಲೇ ದಿಕ್ಕು ನೋಡಿಕೊಳ್ಳಬಹುದು. ಡೀಲರ್‌ಗೆ ಹೇಳಿ ಮಷಿನ್‌ನಿಂದಲೇ ಕೆಂಪು ಆಕ್ಸೈಡ್ 2 ಮಿಲಿ ಒಂದು ಕಪ್‌ಗೆ ಬಿಡಿಸಿಕೊಳ್ಳಿ. ಮೆಡಿಕಲ್ ಶಾಪ್‌ನ 1 ಮಿಲಿ ಸಿರಿಂಜ್‌ನಲ್ಲಿ 0.1 ಮಿಲಿ ಎಳೆದು, ಸೂಜಿ ತೆಗೆದು, ಬಣ್ಣದೊಳಗೆ ಬಿಡಿ. ಸಿರಿಂಜ್ ಒಳಗೆ ಅಂಟಿದ್ದೂ ಲೆಕ್ಕವೇ, ಹಾಗಾಗಿ ಅದೇ ಬಣ್ಣವನ್ನು ಒಮ್ಮೆ ಒಳಗೆಳೆದು ವಾಪಸ್ ಬಿಡಿ. ಐದು ನಿಮಿಷ ತಳಮುಟ್ಟ ಕಲಸಿ, ಕಾರ್ಡ್ ಮೇಲೆ ಹಚ್ಚಿ, ಹೇರ್ ಡ್ರೈಯರ್‌ನಲ್ಲಿ ಒಣಗಿಸಿ ಚಿಪ್ ಪಕ್ಕ ಹಿಡಿಯಿರಿ. ಸಾಲದಿದ್ದರೆ ಇನ್ನೊಂದು 0.1. ಹಸಿರು ಹೋಗಿ ಹಳದಿ ಮಾತ್ರ ತುಸು ಉಳಿದರೆ ದಿಕ್ಕು ಸರಿ. ಹಾರ್ಡ್‌ವೇರ್ ಅಂಗಡಿಯ ಸ್ಟೈನರ್ ಬಾಟಲಿ ಈ ಕೆಲಸಕ್ಕೆ ಬೇಡ. ಅದರ ಸಾಂದ್ರತೆ ಮಷಿನ್ ಕಲರೆಂಟ್‌ಗಿಂತ ಬೇರೆ, ಅದರಲ್ಲಿ ಬಂದ ಅಳತೆಯನ್ನು ಮಷಿನ್‌ಗೆ ಹೇಳಲಾಗುವುದಿಲ್ಲ.

ಇನ್ನೊಂದು ಎಚ್ಚರಿಕೆ. ಎರಡು ಕಂಪನಿಯ ಕಪ್ಪು ಕಲರೆಂಟ್ ಒಂದೇ ಅಲ್ಲ. ಸಣ್ಣ ಕಣದ ಕಾರ್ಬನ್ ಬ್ಲಾಕ್ ಬಿಳಿಯಲ್ಲಿ ತೆಳುವಾದಾಗ ಕಂದು ಕಡೆಗೆ ವಾಲುತ್ತದೆ, ದಪ್ಪ ಕಣದ ಲ್ಯಾಂಪ್ ಬ್ಲಾಕ್ ನೀಲಿ ಕಡೆಗೆ. ಇದರಿಂದಲೇ ಡಿ65ರಲ್ಲಿ ಅಂಕಿ ಕೂಡಿದರೂ ಬೇರೆ ಬೆಳಕಲ್ಲಿ ಬಿಟ್ಟುಕೊಡಬಹುದು. ಕೊನೆಯ ಓದನ್ನು ಡಿ65 ಜೊತೆಗೆ ಇಲ್ಯುಮಿನೆಂಟ್ ಎ, ಅಂದರೆ ಹಳೇ ಬಲ್ಬಿನ 2856 ಕೆಲ್ವಿನ್ ಬೆಳಕಿನಲ್ಲೂ ಕೇಳಿ. ಅದು ಮಷಿನ್‌ನಲ್ಲಿ ಒಂದು ಸೆಟ್ಟಿಂಗ್ ಅಷ್ಟೇ, ಮತ್ತೆ ಓದಿಸಬೇಕಾಗಿಲ್ಲ. ಎರಡರಲ್ಲೂ ವ್ಯತ್ಯಾಸ ಹತ್ತಿರಹತ್ತಿರ ಒಂದೇ ಇದ್ದರೆ ಧೈರ್ಯವಾಗಿ ಮುಂದೆ ಹೋಗಿ. ನಿಮ್ಮ ಅದೃಷ್ಟಕ್ಕೆ ಎರಡೂ ಫಾರ್ಮುಲಾದಲ್ಲಿ ಆಕ್ಸೈಡ್‌ಗಳೇ ಇವೆ. ಗ್ರೇಜ್‌ಗೆ ನೀಲಿ, ವೈಲೆಟ್, ಆರ್ಗ್ಯಾನಿಕ್ ಹಳದಿ ಸೇರಿಸಿ ತಂದ ಫಾರ್ಮುಲಾ ಕಂಡರೆ ಬೇಡ ಅನ್ನಿ.

---

ಟಿಂಟಿಂಗ್_ಕೌಂಟರ್

ಮೇಲಿನವರ ಮಾತಿಗೆ ಒಂದು ಸೇರ್ಪಡೆ. 9_ಇಂಚು_ರೋಲರ್ ಹೇಳಿದ ಶೀನ್ ವಿಷಯ ಮಷಿನ್‌ಗೂ ತಾಗುತ್ತೆ. ಸ್ಪೆಕ್ಟ್ರೋದಲ್ಲಿ ಎರಡು ಜಾತಿ. 45/0 ಅನ್ನೋದು ಹೊಳಪನ್ನು ಬಿಟ್ಟು ಕಣ್ಣಿನ ಹಾಗೆ ನೋಡುತ್ತೆ. ಡಿ/8, ಗೋಳ ಇರೋದು, ಹೊಳಪನ್ನೂ ಸೇರಿಸಿ ಓದೋ ಸೆಟ್ಟಿಂಗ್‌ನಲ್ಲಿದ್ದರೆ ಪಿಗ್ಮೆಂಟ್ ಮಾತ್ರ ಹೋಲಿಸುತ್ತೆ, ಮ್ಯಾಟ್ ಮತ್ತು ಶೀನ್ ಒಂದೇ ಅಂತ ಹೇಳಿಬಿಡುತ್ತೆ. ನಿಮ್ಮ ಚಿಪ್ ಮ್ಯಾಟ್, ಎಮಲ್ಷನ್ ಸಾಫ್ಟ್ ಶೀನ್ ಆಗಿದ್ದರೆ ಅಂಕಿ ಕೂಡಿದ ಮೇಲೂ ಬೋರ್ಡನ್ನು ಕಣ್ಣಲ್ಲಿ ನೋಡಿಯೇ ಒಪ್ಪಿ.

4 ಲೀಟರ್ ಡಬ್ಬಿಗೆ ಕಲರೆಂಟ್ ಬಿಟ್ಟ ಮೇಲೆ ಶೇಕರ್‌ನಲ್ಲಿ ಕನಿಷ್ಠ 3 ನಿಮಿಷ ಆಡಿಸಬೇಕು. ಶೇಕರ್ ಕೆಟ್ಟಿದೆ, ಕೋಲಲ್ಲಿ ಕಲಸಿಕೊಳ್ಳಿ ಅಂದರೆ ತಗೋಬೇಡಿ. ಮುಚ್ಚಳ ತೆಗೆಸಿ, ಅಂಚಿನಲ್ಲಿ ಕಪ್ಪು, ಕೆಂಪು ಗೆರೆ ಕಂಡರೆ ಮತ್ತೆ ಆಡಿಸಿ. ಅಂಗಡಿಯಲ್ಲೇ ಒಂದು ಕಾರ್ಡ್ ಮೇಲೆ ಹಚ್ಚಿ ಒಣಗಿಸಿ ಓದಿಸಿ, ಆಮೇಲೆ ಎರಡನೇ ಡಬ್ಬಿಗೆ ಕಲರೆಂಟ್ ಬಿಡಿಸಿ. ಕಲರೆಂಟ್ ಬಿದ್ದ ಡಬ್ಬಿಯನ್ನು ಯಾವ ಡೀಲರ್ರೂ ವಾಪಸ್ ತಗೊಳ್ಳಲ್ಲ, ಹಾಗಾಗಿ ಈ ಹತ್ತು ನಿಮಿಷ ಕೌಂಟರ್ ಮುಂದೆ ನಿಲ್ಲಿ. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಮೊದಲ ಡಬ್ಬಿ ನಿಮ್ಮದಾಗೋದು ಬೇಡ, ರಾತ್ರಿಯೆಲ್ಲಾ ನಾಜಲ್ ತುದಿಯಲ್ಲಿ ಒಣಗಿದ್ದು ಅದರಲ್ಲೇ ಬೀಳೋದು.

---

ಬೆಳಕಿನ_ಲೆಕ್ಕ

ರಾತ್ರಿ ಹಸಿರು ಜಾಸ್ತಿ ಅಂದಿರಲ್ಲ, ಪೇಂಟ್ ಮೇಲೆ ಪೂರ್ತಿ ಗೂಬೆ ಕೂರಿಸುವ ಮುಂಚೆ ಲೈಟ್ ನೋಡಿ. ಡಬ್ಬಿ 2 ಹಸಿರಿಗೆ ಹೋಗಿರುವುದು ನಿಜ, ಆದರೆ ಎಷ್ಟೋ ಎಲ್‌ಇಡಿಗಳು ತಾವೇ ತುಸು ಹಸಿರು ಹೊಡೆಯುತ್ತವೆ. 4000 ಕೆಲ್ವಿನ್ ಅಂತ ಬರೆದ ಎರಡು ಕಂಪನಿಯ ಲೈಟ್‌ಗಳಲ್ಲಿ ಒಂದು ಹಸಿರು, ಒಂದು ಗುಲಾಬಿ ಇರಬಹುದು, ಯಾಕೆಂದರೆ ಆ ನಂಬರ್ ಹಳದಿ–ನೀಲಿ ಲೆಕ್ಕ ಮಾತ್ರ ಹೇಳುತ್ತದೆ. ಒಂದು ಬಿಳಿ ಎ4 ಹಾಳೆ ಗೋಡೆಗೆ ಅಂಟಿಸಿ ನೋಡಿ. ಹಾಳೆಯೂ ಹಸಿರೆನಿಸಿದರೆ ತಪ್ಪು ಲೈಟಿನದು. ಸಿಆರ್‌ಐ (ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಂಕಿ) 90 ಅಥವಾ ಮೇಲಿನ ಲೈಟ್ ಒಂದು ಹಾಕಿ ಪರೀಕ್ಷಿಸಿ. ಅಂಕಿ ಎಷ್ಟೇ ಚೆನ್ನಾಗಿ ಕೂಡಿದರೂ ಹಾಲ್‌ನಲ್ಲಿ 6500, ಪ್ಯಾಸೇಜ್‌ನಲ್ಲಿ 3000 ಹಾಕಿಟ್ಟರೆ ಒಂದೇ ಬಕೆಟ್‌ನ ಬಣ್ಣ ಎರಡು ಬಣ್ಣವಾಗಿ ಕಾಣುತ್ತದೆ.

ನೆಲ, ಹೊರಗಿನ ಮರ ಕೂಡ ಲೆಕ್ಕಕ್ಕೆ ಬರುತ್ತವೆ. ರೆಡ್ ಆಕ್ಸೈಡ್ ನೆಲ ಗೋಡೆಯ ಕೆಳಗಿನ ಮೂರು ಅಡಿಗೆ ಗುಲಾಬಿ ಹತ್ತಿಸುತ್ತದೆ. ಕಿಟಕಿಯ ಮುಂದೆ ಹೊಂಗೆ ಮರ ಇದ್ದರೆ ಮಧ್ಯಾಹ್ನ ಗೋಡೆಯೆಲ್ಲ ಹಸಿರು. ಇದು ಯಾವ ಡೀಲರ್ ಕೈಯಲ್ಲೂ ಇಲ್ಲ, ಆದ್ದರಿಂದ ಕೊನೆಯ ತೀರ್ಮಾನ ಅಂಗಡಿಯಲ್ಲಿ ಬೇಡ, ಆ ಕೋಣೆಯಲ್ಲೇ ಬೋರ್ಡ್ ನಿಲ್ಲಿಸಿ ಮಾಡಿ.

---

ಕುವೆಂಪುನಗರ_ಫ್ಲಾಟ್

10 ಲೀಟರ್‌ಗೆ ಲೆಕ್ಕ ಹಾಕಿಸಿದಾಗ ಕೆಂಪು ಆಕ್ಸೈಡ್ ಬಂತು! ಕರೆಕ್ಷನ್ ಹಾಕಿಸಿ, ಮೊದಲ 4 ಲೀಟರ್ ಡಬ್ಬಿಯಿಂದ ಕಾರ್ಡ್ ಮಾಡಿ ಓದಿಸಿದೆ. ಎಲ್ 81.6, ಎ 0.4, ಬಿ 5.9. ಬಲ್ಬಿನ ಬೆಳಕಿನಲ್ಲೂ ವ್ಯತ್ಯಾಸ ಹೆಚ್ಚುಕಡಿಮೆ ಅಷ್ಟೇ. ಎರಡನೇ ಡಬ್ಬಿಯೂ ಮಾಡಿಸಿ ತಂದಾಯ್ತು.

ಇನ್ನೆರಡು ಚಿಕ್ಕ ಪ್ರಶ್ನೆ. ಪ್ಯಾಸೇಜ್ ಕೊನೆಯ ಒಂದು ಗೋಡೆಗೆ ಪೇಂಟರ್ ಆಗಲೇ ಡಬ್ಬಿ 1 ಹೊಡೆದುಬಿಟ್ಟಿದ್ದಾರೆ, ಅದರ ಮೇಲೆ ನೇರ ಹೊಡೆಯಬಹುದಾ? ಬಾಗಿಲ ಫ್ರೇಮ್‌ಗೂ ಇದೇ ಬಣ್ಣ ಆಯಿಲ್ ಎನಾಮೆಲ್‌ನಲ್ಲಿ ಮಾಡಿಸೋಣ ಅಂತಿದ್ದಾರೆ, ಸರಿನಾ?

---

ಬೈಂಡರ್_ಮತ್ತು_ಪಿಗ್ಮೆಂಟ್

ಎ 0.1, ಬಿ 0.3, ಎಲ್ 0.2 ವ್ಯತ್ಯಾಸ. ಇದಕ್ಕಿಂತ ಹತ್ತಿರ ಒಂದೇ ಕಂಪನಿಯ ಎರಡು ಬ್ಯಾಚ್ ಕೂಡ ಎಲ್ಲ ಸಲ ಬರುವುದಿಲ್ಲ.

ಫ್ರೇಮ್‌ಗೆ ಆಯಿಲ್ ಎನಾಮೆಲ್ ಬೇಡ. ಅದರಲ್ಲಿರುವ ಆಲ್ಕಿಡ್ ರೆಸಿನ್ ಬೆಳಕು ಕಡಿಮೆ ಬೀಳುವ ಕಡೆ ಹಳದಿಗಟ್ಟುತ್ತದೆ, ಪ್ಯಾಸೇಜ್‌ನಂಥ ಜಾಗದಲ್ಲಿ ಬೇಗ. ಇವತ್ತು ಕೂಡಿದ ಗ್ರೇಜ್ ಕೆಲವೇ ತಿಂಗಳಲ್ಲಿ ಗೋಡೆಯ ಪಕ್ಕ ಕ್ರೀಮ್ ಆಗಿ ಕಾಣುತ್ತದೆ. ವಾಟರ್ ಬೇಸ್ ಎನಾಮೆಲ್, ಸ್ಯಾಟಿನ್ ಫಿನಿಶ್ ತಗೊಳ್ಳಿ. ಅದಕ್ಕೆ ಬೇಸ್ ಬೇರೆ, ಹಾಗಾಗಿ ಎಮಲ್ಷನ್‌ನ ಫಾರ್ಮುಲಾ ನಕಲು ಮಾಡಿಸದೆ ಚಿಪ್‌ನ ಓದಿನಿಂದ ಹೊಸದಾಗಿ ಮಾಡಿಸಿ. ಹಳೇ ಆಯಿಲ್ ಪೇಂಟ್ ಇದ್ದರೆ ಎಮರಿ ಉಜ್ಜಿ, ಹೊಂದುವ ಪ್ರೈಮರ್ ಹೊಡೆದೇ ಮುಂದುವರಿಯಬೇಕು, ಇಲ್ಲದಿದ್ದರೆ ಉಗುರಿಗೆ ಎದ್ದು ಬರುತ್ತದೆ.

---

9_ಇಂಚು_ರೋಲರ್

ಪ್ಯಾಸೇಜ್ ಗ್ವಾಡಿಗೆ ಡಬ್ಬಿ 1 ಹಚ್ಚ್ಯಾರಂದ್ರ ಚಿಂತಿಲ್ಲ, ಅದೂ ಎಮಲ್ಷನ್ನ, ಮ್ಯಾಲ ನೇರ ಬರತೈತಿ. 220 ನಂಬರ್ ಎಮರಿ ಹಗೂರಕ ಉಜ್ಜಿ, ಒದ್ದಿ ಬಟ್ಟಿಲೆ ಧೂಳ ಒರಸಿ, ಎರಡು ಕೋಟ್ ಪೂರಾ ಹೊಡಸ್ರಿ. ಒಂದ ಕೋಟ್‌ಗೆ ‘ಮುಚ್ಚೇತ್ರಿ ಸಾಕು’ ಅಂದ್ರ ಕೇಳಬ್ಯಾಡ್ರಿ, ಕೆಳಗಿನ ಗುಲಾಬಿ ಸಂಜಿ ಮುಂದ ಇಣಕತೈತಿ. ಒಂದು ಗ್ವಾಡಿ ಶುರು ಮಾಡಿದ್ರ ಮೂಲಿಯಿಂದ ಮೂಲಿತನಕ ಮುಗಿಸಿನ ನಿಲ್ಲಸ್ರಿ, ನಡುವ ಚಾ ಕುಡಿಯಾಕ ಇಳದ್ರ ಅಲ್ಲೊಂದು ಪಟ್ಟಿ ಬೀಳತೈತಿ.

ಉಳಿದ ಬಣ್ಣ ದೊಡ್ಡ ಡಬ್ಬಿಯಾಗ ತಳದಾಗ ಬಿಡಬ್ಯಾಡ್ರಿ, ಗಾಳಿಗೆ ಕೆನಿ ಕಟ್ಟತೈತಿ. ನೀರು ಕೂಡಿಸದ ಬಣ್ಣಾನ ಬಾಯಿತನಕ ತುಂಬೋ ಸಣ್ಣ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮ್ಯಾಲ ಕಂಪನಿ, ಪ್ರಾಡಕ್ಟ್, ಬೇಸ್, ಬ್ಯಾಚ್, ಕಲರೆಂಟ್ ಮಿಲಿ ಎಲ್ಲಾ ಬರದು ಅಂಟಸ್ರಿ. ಕರೆಕ್ಷನ್ ಆದ ಫಾರ್ಮುಲಾ ಇದು, ಕೋಡ್ ಹೇಳಿದ್ರ ಯಾವ ಅಂಗಡ್ಯಾಗೂ ತಿರಗಿ ಸಿಗಂಗಿಲ್ಲ. ಮುಂದ ಟಚ್‌ಅಪ್ ಬಂದಾಗ ಸಣ್ಣ ಕಲಿ ಇದ್ರ ನಾಲ್ಕು ಇಂಚಿನ ಸಣ್ಣ ರೋಲರ್‌ಲೆ ಹಗೂರಕ ಮುಟ್ಟಿಸ್ರಿ, ಅಂಗೈಗಿಂತ ದೊಡ್ಡದಿದ್ರ ಆ ಗ್ವಾಡಿ ಪೂರಾ ಹೊಡೀರಿ.